ಆರಾಮ ಎಂಬ ಹಸಿರು ಚುಕ್ಕೆ

ಕಿವಿಯ ಹಿಂದೆ ಅಂಟಿಸಿದ್ದ ಬಿಲ್ಲೆ ಮೊದಲ ಸಲ ‘ಇಂದು ಹೇಗಿದ್ದೀರಿ?’ ಎಂದು ಕೇಳಿದಾಗ ಮಹಾನಂದಾ ಅಡುಗೆಮನೆಯ ಗೋಡೆಗೆ ಒರಗಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಯಾರೋ ಬೆನ್ನ ಹಿಂದೆ ಬಂದು ನಿಂತರೇನೋ ಎಂದು ತಿರುಗಿ ನೋಡಿದಳು. ಬರೀ ಗೋಡೆ. ದನಿಯೇ ಹೊರಡದಷ್ಟು ಸುಸ್ತಿನಲ್ಲೂ ಅವಳಿಗೆ ನಗು ಬಂತು. ಸೆರಗು ಸರಿಮಾಡಿಕೊಂಡು, ಮೆಲ್ಲಗೆ, “ಆರಾಮ ಅದೀನ್ರಿ. ನೀವು ಹೆಂಗದೀರಿ?” ಎಂದಳು.

ಬಿಲ್ಲೆ ತನ್ನ ಸಮಾಚಾರ ಹೇಳಲಿಲ್ಲ.

“ಅವ್ವಾ, ಅದು ಮಷೀನು” ಎಂದು ಮಗಳು ದಾನೇಶ್ವರಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಆದ್ರೇನಾತು? ಕೇಳಿದವರನ್ನ ತಿರುಗಿ ಕೇಳಬೇಕಲ್ಲ.”

ತಾಯಿ ಮಗಳು ಆ ಮನೆಯಲ್ಲಿ ಅಷ್ಟು ನಕ್ಕು ಬಹಳ ದಿನವಾಗಿತ್ತು. ಆ ನಗು ನೆನಪಾದಾಗಲೆಲ್ಲ ಆಮೇಲೆ ಮಹಾನಂದಾಗೆ ಮೈ ಉರಿಯುತ್ತಿತ್ತು.

ಅವಳು ಗದಗ ಡಿಪೋದ ಬಸ್ ಕಂಡಕ್ಟರ್. ಕರೆಂಟಿನ ಬಸ್ಸುಗಳು ಬಂದು ಎಂಜಿನ್ ಸದ್ದು ಹೋಗಿದ್ದರೂ ಮಂದಿಯ ಸದ್ದು ಹೋಗಿರಲಿಲ್ಲ. ಅವಳು ‘ಒಳಗ ಸರೀರಿ’ ಎಂದು ಒಮ್ಮೆ ಕೂಗಿದರೆ ಹಿಂದಿನ ಬಾಗಿಲಿಗೆ ಜೋತುಬಿದ್ದವನೂ ಒಳಗೆ ಬರಲೇಬೇಕು. ಎದೆಯ ಗಂಟನ್ನು ತೆಗೆಸಿಕೊಂಡು, ಕೂದಲು ಉದುರಿ ಮತ್ತೆ ಬಂದು, ಮುಗಿಯಿತು ಎಂದುಕೊಂಡು ಡ್ಯೂಟಿಗೆ ಮರಳಿದ್ದಳು. ಒಂದು ದಿನ ಅಣ್ಣಿಗೇರಿ ದಾಟುವಾಗ ಟಿಕೆಟ್ ಮಷೀನಿನ ಮೇಲೆ ಬಲಗೈ ಬೆರಳು ಅವಳು ಹೇಳಿದ ಮಾತು ಕೇಳಲಿಲ್ಲ. ಒತ್ತಬೇಕೆಂದದ್ದೇ ಒಂದು, ಒತ್ತಿದ್ದೇ ಒಂದು. ಸ್ಕ್ಯಾನ್ ಮಾಡಿದಾಗ ಎದೆಯಿಂದ ಹೊರಟ ಅದೇ ಕಾಯಿಲೆ ಮಿದುಳಿನಲ್ಲಿ ಅಲ್ಲಲ್ಲಿ ಬೀಡು ಬಿಟ್ಟಿದ್ದು ಕಂಡಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಲೆಗೆ ಕಿರಣ ಕೊಟ್ಟರು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖಕ್ಕೆ ಒತ್ತಿ, ಅದು ಗಟ್ಟಿಯಾದ ಮೇಲೆ ಮೇಜಿಗೆ ಬಿಗಿದು, ಅಲುಗಾಡದಂತೆ ಮಲಗಿಸುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಜೊತೆಯಾದವಳು ಲಕ್ಕುಂಡಿಯ ಶಂಕ್ರವ್ವ. ಅವಳಿಗೂ ಇದೇ ಕಾಯಿಲೆ, ಇದೇ ಜಾಳಿಗೆ. “ನಮ್ಮನ್ನೇನು ರೊಟ್ಟಿ ಬುಟ್ಟಿ ಮಾಡ್ಯಾರೇನವಾ, ನೊಣ ಕೂಡಬಾರದು ಅಂತ ಮುಚ್ಚತಾರ” ಎಂದು ಶಂಕ್ರವ್ವ ಮೊದಲ ದಿನವೇ ಅವಳನ್ನು ನಗಿಸಿದ್ದಳು. ಜಾಳಿಗೆಯ ಚೌಕಗಳ ಅಚ್ಚು ಕೆನ್ನೆಯ ಮೇಲೆ ಮೂಡಿರುವಾಗಲೇ, ಯಾರಾದರೂ ಹೇಗಿದ್ದೀರಿ ಎಂದರೆ ಶಂಕ್ರವ್ವ ಕೈಮುಗಿದು ಹೇಳುತ್ತಿದ್ದುದು ಒಂದೇ ಮಾತು: “ಆರಾಮ ಅದೀನ್ರಿ.”

ಕಿರಣ ಮುಗಿದ ಮೇಲೆ ಆಸ್ಪತ್ರೆಯ ಕೊನೆಯ ಮಹಡಿಗೆ ಕರೆದರು. ಅಲ್ಲಿದ್ದದ್ದು ‘ಸಮತೋಲ’ ಯೋಜನೆಯ ಆಲಿಕೆ ಕೋಣೆ, ರೋಗಿಗಳ ದನಿಯನ್ನು ದೂರದಿಂದ ಆಲಿಸುವ ಜಾಗ. ಗೋಡೆಯ ತುಂಬ ಪರದೆ, ಅದರ ಮೇಲೆ ಜಿಲ್ಲೆಗಳ ನಕ್ಷೆ, ನಕ್ಷೆಯ ತುಂಬ ಆರಾಮಿದ್ದ ರೋಗಿಗೊಂದರಂತೆ ಹಸಿರು ಚುಕ್ಕೆಗಳು. ಮೈಸೂರಿನ ಕಡೆಯ ಡಾ. ಚಿರಂತನ್ ಎಂಬ ಎಳೆಯ ಡಾಕ್ಟರು ಬಹಳ ಮರ್ಯಾದೆಯಿಂದ ವಿವರಿಸಿದರು.

“ನೋಡಿ ಮೇಡಂ, ಕಿರಣ ಗಡ್ಡೆಯನ್ನು ಸುಡುತ್ತೆ. ಸುಟ್ಟ ಜಾಗದ ಸುತ್ತ ನೀರು ತುಂಬಿಕೊಂಡು ಬಾವು ಬರುತ್ತೆ. ಕೈಗೆ ಬಾವು ಬಂದರೆ ಚರ್ಮ ಹಿಗ್ಗುತ್ತೆ. ತಲೆಬುರುಡೆ ಹಿಗ್ಗಲ್ಲ.”

“ಬಸ್ಸು ತುಂಬಿದ ಮ್ಯಾಲೂ ಮಂದಿ ಹತ್ತಿದಂಗ” ಎಂದಳು ಮಹಾನಂದಾ.

“ಕರೆಕ್ಟ್. ಆ ಬಾವು ಇಳಿಸೋದಕ್ಕೆ ಸ್ಟೀರಾಯ್ಡ್ ಕೊಡ್ತೀವಿ. ಆದರೆ ಅದು ಹೆಚ್ಚಾದರೂ ಕಷ್ಟ. ಸಕ್ಕರೆ ಏರುತ್ತೆ, ಮುಖ ಊದುತ್ತೆ, ತೊಡೆಯ ಶಕ್ತಿ ಹೋಗುತ್ತೆ, ನಿದ್ದೆ ಬರಲ್ಲ, ಸಿಕ್ಕಾಪಟ್ಟೆ ಸಿಟ್ಟು ಬರುತ್ತೆ. ಎಷ್ಟು ಬೇಕೋ ಅಷ್ಟೇ ಕೊಡಬೇಕು. ಮುಂಚೆ ಅಂದಾಜಿನ ಮೇಲೆ ಮಾತ್ರೆ ಕೊಡ್ತಿದ್ದರು. ಈಗ ಇದಿದೆ.”

ಕಿವಿಯ ಹಿಂದಿನ ಎಲುಬಿಗೆ ಅಂಟುವ ಬಿಲ್ಲೆ. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಹೊಲಿದಿಟ್ಟ ಬೆಂಕಿಪೊಟ್ಟಣದಷ್ಟು ಡಬ್ಬಿ. ಬಿಲ್ಲೆ ದಿನವಿಡೀ ರೋಗಿಯ ಮಾತು ಕೇಳುತ್ತದೆ. ಮಿದುಳು ಬಾತರೆ ನಾಲಗೆ ನಿಧಾನವಾಗುತ್ತದೆ, ಪದಗಳು ತಪ್ಪಿಸಿಕೊಳ್ಳುತ್ತವೆ. ಆಗ ಡಬ್ಬಿ ಔಷಧ ಹೆಚ್ಚಿಸುತ್ತದೆ. ಔಷಧ ಹೆಚ್ಚಾದರೆ ಮಾತು ಜೋರಾಗುತ್ತದೆ, ಚೂಪಾಗುತ್ತದೆ, ಆಗ ಇಳಿಸುತ್ತದೆ. ಅಷ್ಟೇ.

“ನಂದು ಮೊದಲ ದೊಡ್ಡ ದನಿ ಐತ್ರಿ ಸರ” ಎಂದಿದ್ದಳು ಮಹಾನಂದಾ.

“ಯೋಚನೆ ಬೇಡ ಮೇಡಂ. ಮೊದಲ ವಾರ ಅದು ನಿಮ್ಮ ಸಹಜ ಧ್ವನಿಯನ್ನು ಕಲಿತುಕೊಳ್ಳುತ್ತೆ.”

ಮೊದಲ ವಾರ ಅವಳು ಗೋಡೆಗೆ ಒರಗಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಜೀವ ಬಂತು. ಹಸಿವೆಂದರೆ ಹಸಿವು. ಎರಡು ರೊಟ್ಟಿಯ ಮೇಲೆ ಮತ್ತೆರಡು, ಮಧ್ಯೆ ಮಂಡಕ್ಕಿ. ಮುಖ ತುಂಬಿಕೊಂಡು ದುಂಡಗಾಯಿತು. ದನಿಯೂ ತನ್ನ ಜಾಗಕ್ಕೆ ಬಂದು ಕೂತಿತು. ಓಣಿಯ ತುದಿಯ ತರಕಾರಿಯವನನ್ನು ಬಾಗಿಲಿನಿಂದಲೇ ಕೂಗಿದಳು. ಅವನು ಗಾಡಿ ತಿರುಗಿಸಿಕೊಂಡು ಬಂದು, “ಅಕ್ಕಾರ ಡ್ಯೂಟಿಗೆ ಹಾಜರು” ಎಂದು ಸೊಪ್ಪಿನ ಮೇಲೆ ಕೊತ್ತಂಬರಿ ಹಾಕಿಕೊಟ್ಟ. ಬಿಲ್ಲೆ ಆವತ್ತು ಮೊದಲ ಸಲ ಹೇಳಿತು: ‘ನಿಮ್ಮ ಔಷಧದ ಪ್ರಮಾಣವನ್ನು ಸರಿಹೊಂದಿಸಲಾಗಿದೆ. ದಯವಿಟ್ಟು ಶಾಂತವಾಗಿರಿ.’

ಅದರ ಮಾತು ಬಹಳ ಶುದ್ಧ. ಪಕ್ಕದಲ್ಲಿ ನಿಂತವರಿಗೂ ಕೇಳುವಷ್ಟು ಸ್ಪಷ್ಟ.

ವಾರ ಕಳೆಯುವಷ್ಟರಲ್ಲಿ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ, ಹಣೆಯ ಒಳಗಿನಿಂದ ಯಾರೋ ಮೊಣಕೈ ಕೊಟ್ಟು ಜಾಗ ಮಾಡಿಕೊಳ್ಳುತ್ತಿದ್ದ ಹಾಗೆ. ವಾಂತಿಯಾದರೆ ಸ್ವಲ್ಪ ಹಗುರ. ಕಸಬರಿಗೆ ಹಿಡಿದು ಬಗ್ಗಿದರೆ ಕಣ್ಣಿಗೆ ಒಂದು ಗಳಿಗೆ ಕತ್ತಲೆ ಕವಿದು, ಮತ್ತೆ ತಾನಾಗಿ ಬೆಳಕಾಗುತ್ತಿತ್ತು. ಬಿಲ್ಲೆ ದಿನವೂ ಕೇಳುತ್ತಿತ್ತು, ಹೇಗಿದ್ದೀರಿ. ಅವಳು ಒಲೆಯ ಮುಂದಿನಿಂದಲೋ ಬಚ್ಚಲಿನಿಂದಲೋ ಒಂದೇ ಉತ್ತರ ಕೊಡುತ್ತಿದ್ದಳು. ಆ ಉತ್ತರ ಕೊಡುತ್ತಿದ್ದೇನೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊರಗೆ ಒಣಹಾಕಿದ ಬಟ್ಟೆ ತರಲೆಂದು ಎದ್ದವಳಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ದಾನೇಶ್ವರಿ. ಪಿಯುಸಿ ಎರಡನೆಯ ವರ್ಷ, ಸೈನ್ಸು. ಈ ಹೊತ್ತಿನಲ್ಲಿ ಕಾಲೇಜಿನಲ್ಲಿರಬೇಕಾದ ಹುಡುಗಿ.

“ಸೂಟಿ ಏನು ಇವತ್ತ?”

“ಹೂಂ ಅವ್ವಾ” ಎಂದಳು ಮಗಳು, ಹಂಚಿನ ಕಡೆಯೇ ನೋಡುತ್ತ.

ಮಹಾನಂದಾ ಕಪಾಟಿನ ಮೇಲಿದ್ದ ಮಗಳ ಬುತ್ತಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗಿನಿಂದ ಬಹಳ ದಿನ ಬೀಗ ಹಾಕಿದ ಮನೆಯ ವಾಸನೆ ಬಂತು. ಮೊಳೆಗೆ ನೇತುಹಾಕಿದ್ದ ಕಾಲೇಜಿನ ಚೀಲದ ಮೇಲೆ ಬೆರಳೆಳೆದಳು. ಬೆರಳಿನ ಗೆರೆ ಮೂಡಿತು. ಮಗಳ ಮುಖ ನೋಡಿದಳು. ಹುಡುಗಿಯ ಕಣ್ಣು ತುಂಬಿತ್ತು, ತುಟಿ ಮಾತ್ರ ಬಿಗಿದಿತ್ತು. ಒಲೆಯ ಶಾಖಕ್ಕೆ ಕೆಂಪಾದ ಆ ಕೆನ್ನೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ಗಂಡ ಮುರಿಗೇಶ ಊಟಕ್ಕೆ ಬಂದ. ಮೋಟರ್ ವೈಂಡಿಂಗ್ ಅಂಗಡಿ ಅವನದು. ಯಾರಿಗೂ ಕೆಟ್ಟದ್ದು ಬಯಸದ, ಯಾವುದಕ್ಕೂ ಎದ್ದು ನಿಲ್ಲದ ಮನುಷ್ಯ.

“ಕೂಸಿನ ಕಾಲೇಜು ಯಾವಾಗ ಬಿಡಿಸಿದ್ರಿ?”

“ಬಿಡಿಸಿಲ್ಲ. ಸ್ವಲ್ಪ ದಿನ ಮನ್ಯಾಗ ಇರ್ಲಿ ಅಂದೆ. ನಿನಗ ಆರಾಮಿಲ್ಲ. ರೊಟ್ಟಿ ಯಾರು ಬಡೀಬೇಕು?”

“ನಿಮಗ ಕೈ ಇಲ್ಲೇನು?”

“ನನಗೆಲ್ಲಿ ಬರತೈತಿ ಅದು?”

“ಮೋಟರಿನ ಹೊಟ್ಟ್ಯಾಗ ಕೂದಲಿನಂಥಾ ತಂತಿ ಸುತ್ತತೀರಿ. ಅಂಗೈಯಗಲ ಹಿಟ್ಟು ಬಡ್ಯಾಕ ಬರಂಗಿಲ್ಲ? ಆಕಿ ಓದಿನ ಮ್ಯಾಲೆ ಹಂಚು ಇಟ್ಟು ನಿಮ್ಮ ರೊಟ್ಟಿ ಸುಡಬೇಕೇನು?”

ಇಷ್ಟು ವರ್ಷ ಅವಳು ಬಸ್ಸಿನಲ್ಲಿ ಬಿಚ್ಚಿದ ದನಿಯನ್ನು ಡಿಪೋದಲ್ಲಿ ಚೀಲದ ಜೊತೆಗೇ ಒಪ್ಪಿಸಿ ಮನೆಗೆ ಬರುತ್ತಿದ್ದಳು. ಆ ದನಿ ಈ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಮುರಿಗೇಶ ತಟ್ಟೆ ಹಿಡಿದುಕೊಂಡು ಕಲ್ಲಾಗಿ ನಿಂತ. ಆಗಲೇ ಅವಳ ಕಿವಿಯ ಹಿಂದಿನಿಂದ ಆ ಶುದ್ಧ ಮಾತು ಬಂತು: ‘ನಿಮ್ಮ ಔಷಧದ ಪ್ರಮಾಣವನ್ನು ಸರಿಹೊಂದಿಸಲಾಗಿದೆ. ದಯವಿಟ್ಟು ಶಾಂತವಾಗಿರಿ.’

ಅವನಿಗೆ ಉಸಿರು ಬಂದಂತಾಯಿತು. “ನೋಡಿದ್ಯಾ? ಮಷೀನಿಗೂ ಗೊತ್ತಾತು. ಇದು ನೀ ಅಲ್ಲ, ಔಷಧ ಮಾತಾಡಾಕತ್ತೈತಿ” ಎಂದು, ನೆಮ್ಮದಿಯಿಂದ ಊಟಕ್ಕೆ ಕೂತ.

ಅವನು ಅದನ್ನೇ ಓಣಿಗೂ ಹೇಳಿದ. ನೋಡಲು ಬಂದವರೆಲ್ಲ ಅವಳ ಮಾತು ಮುಗಿಯುವ ಮೊದಲೇ “ಪಾಪ, ಔಷಧದ ಸಿಟ್ಟು” ಎಂದು ತಲೆ ಸವರಿದರು. ಮಗಳ ಕಾಲೇಜಿನ ಮಾತೆತ್ತಿದರೂ ಔಷಧ. ಬಾಗಿಲು ಹಾಕಿಕೊಂಡು ಹೋಗ್ರಿ ಎಂದರೂ ಔಷಧ. ಮಹಾನಂದಾ ಹಲ್ಲು ಕಚ್ಚಿಕೊಂಡು ಯೋಚಿಸಿದಳು: ಮದುವೆಯಾಗಿ ಇಷ್ಟು ವರ್ಷ ಈ ಮನೆಯಲ್ಲಿ ತುಟಿ ಬಿಚ್ಚದೆ ಇದ್ದೆನಲ್ಲ, ಆಗ ಇದು ಯಾವ ಔಷಧದಿಂದ ಬಂದ ಮೌನ ಎಂದು ಒಬ್ಬರಾದರೂ ಕೇಳಿದರೇ?

ತಲೆನೋವು ತಡೆಯಲಾಗದೆ ಆಲಿಕೆ ಕೋಣೆಗೆ ಫೋನು ಹಚ್ಚಿದಳು. ಪರದೆಯ ಮೇಲೆ ಡಾ. ಚಿರಂತನ್ ಬಂದರು, ಅದೇ ಮರ್ಯಾದೆ, ಅದೇ ಮುಗುಳ್ನಗೆ.

“ಡೋಸ್ ಇಳಿಸುವಾಗ ಸ್ವಲ್ಪ ತಲೆನೋವು ಇರುತ್ತೆ ಮೇಡಂ.”

“ಸ್ವಲ್ಪ ಅಲ್ರಿ, ತಲಿ ಒಡದು ಹೋಗತೈತಿ. ಬಗ್ಗಿದ್ರ ಕಣ್ಣು ಕಾಣಂಗಿಲ್ಲ. ಒಂದು ಇದ್ದದ್ದು ಎರಡು ಕಾಣತೈತಿ.”

“ನಿಮ್ಮ ಧ್ವನಿಯಲ್ಲಿ ಬಾವಿನ ಲಕ್ಷಣ ಇಲ್ಲ. ತೊದಲು ಇಲ್ಲ, ಪದ ಮರೆಯೋದು ಇಲ್ಲ. ಚೆನ್ನಾಗಿ, ಜೋರಾಗಿ ಮಾತಾಡ್ತಿದ್ದೀರಿ.”

“ಅಂದ್ರ ನಿಮಗ ತೊದಲಿ ತೋರಿಸಬೇಕೇನ್ರಿ?”

“ಹಾಗಲ್ಲ ಮೇಡಂ. ಕೆಲವರು ಔಷಧ ಬೇಕು ಅಂತ ನೋವು ಹೆಚ್ಚು ಹೇಳ್ತಾರೆ, ಕೆಲವರು ಮುಚ್ಚಿಡ್ತಾರೆ. ಅದಕ್ಕೆ ಇದು ಮಾತಿಗಿಂತ ಧ್ವನಿಯನ್ನು ನಂಬುತ್ತೆ. ನಿಮ್ಮ ಧ್ವನಿಯಲ್ಲಿ ಕಾಣ್ತಿರೋದು ಸಿಟ್ಟು ಮಾತ್ರ. ಮುಂದಿನ ತಿಂಗಳು ಸ್ಕ್ಯಾನ್ ಇದೆಯಲ್ಲ, ಆಗ ನೋಡೋಣ.”

“ಮುಂದಿನ ತಿಂಗಳು ನೋಡಾಕ ನಾ ಇರಬೇಕಲ್ಲ!” ಎಂದು ಅವಳು ಕೂಗಿದಳು. ಕೊರಳೆಲುಬಿನ ಕೆಳಗೆ ಟಿಕ್ ಎಂದಿತು. ಪ್ರಮಾಣ ಇಳಿಯಿತು. ಶಾಂತವಾಗಿರಲು ಹೇಳಲಾಯಿತು.

ದಾನೇಶ್ವರಿ ಅವಳ ಪಕ್ಕ ಕೂತು, ಒದ್ದೆ ಬಟ್ಟೆಯನ್ನು ಹಣೆಗೆ ಒತ್ತುತ್ತ ಹೇಳಿದಳು: “ಅವ್ವಾ, ಬಸ್ಸಿನ್ಯಾಗ ಚೆಕಿಂಗ್ ಸಾಹೇಬ್ರು ಬಂದ್ರ ಒಂದು ದನಿ ತೆಗೀತಿಯಲ್ಲ? ಸಕ್ಕರಿ ಪಾಕದಂಗ? ಹಂಗ ಮಾತಾಡು. ಸಿಟ್ಟು ಕೇಳಲಿಲ್ಲ ಅಂದ್ರ ಇಳಸಂಗಿಲ್ಲ.”

ಮರುದಿನವೆಲ್ಲ ಮಹಾನಂದಾ ಸಕ್ಕರೆ ಪಾಕದ ದನಿಯಲ್ಲಿ ಮಾತಾಡಿದಳು. ಬೆಕ್ಕು ಹಾಲಿಗೆ ಬಾಯಿ ಹಾಕಿದಾಗಲೂ “ಹೋಗವಾ, ಹೋಗು ನಮ್ಮವ್ವ” ಎಂದಳು. ಮಗಳು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು. ಸಂಜೆ ಬಿಲ್ಲೆ ಕೇಳಿತು. ಅವಳು ಜೇನಿನಂತೆ ಉತ್ತರಿಸಿದಳು. ಬಿಲ್ಲೆ ಹೇಳಿತು: ‘ಅಭಿನಂದನೆಗಳು. ನಿಮ್ಮ ಧ್ವನಿ ಸಹಜ ಸ್ಥಿತಿಗೆ ಮರಳಿದೆ. ನೀವು ಚೇತರಿಸಿಕೊಳ್ಳುತ್ತಿದ್ದೀರಿ. ಔಷಧದ ಪ್ರಮಾಣವನ್ನು ಇಳಿಸಲಾಗಿದೆ.’

ಟಿಕ್.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಈ ಸಲ ಯಾರೂ ನಗಲಿಲ್ಲ. ಸಿಟ್ಟಾದರೆ ಔಷಧ ಹೆಚ್ಚಾಗಿದೆ, ಇಳಿಸು. ಮೆತ್ತಗಿದ್ದರೆ ರೋಗ ಕಡಿಮೆಯಾಗಿದೆ, ಇಳಿಸು. ಹೆಣ್ಣುಮಗಳು ಹೇಗೆ ಬಾಯಿ ಬಿಟ್ಟರೂ ಅದಕ್ಕೆ ಸಿಗುವುದು ಕಡಿಮೆಯೇ. ಇದನ್ನು ಮಾಡಿದವರು ಎಂಥ ಮನೆಗಳಲ್ಲಿ ಬೆಳೆದು ಬಂದರೋ!

“ಚೀಲ ತಗೋ. ಹುಬ್ಬಳ್ಳಿಗೆ ಹೋಗೂಣು” ಎಂದಳು ಮಹಾನಂದಾ, ಬೆಳಗಾದ ಕೂಡಲೇ.

“ಅಪಾಯಿಂಟ್‌ಮೆಂಟ್ ಇಲ್ಲದ ಹೆಂಗ?” ಎಂದ ಮುರಿಗೇಶ, ಬಾಗಿಲಲ್ಲಿ ನಿಂತು.

ಅವಳು ಅವನ ಪಕ್ಕದಿಂದಲೇ ಹಾದು ಹೋದಳು.

ಬೆಳಗಿನ ಬಸ್ಸು. ಮುಂದಿನ ಸೀಟಿನಲ್ಲಿ ಎರಡಾಗಿ ಕಾಣುವ ರಸ್ತೆಯನ್ನು ಒಂದು ಮಾಡಿಕೊಳ್ಳಲು ಎಡಗಣ್ಣು ಮುಚ್ಚಿ, ವಾಂತಿಗೆಂದು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದಳು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ರೇಣುಕಾ, ಅವಳೇ ಕೆಲಸ ಕಲಿಸಿದ ಹುಡುಗಿ, ಕಂಡದ್ದೇ ಕೂಗಿದಳು: “ಅಯ್ಯ ಅಕ್ಕಾ! ಹೆಂಗದೀರಿ?”

“ಆರಾಮ ಅದೀನಿ. ನೀ ಹೆಂಗದೀಯವಾ?”

ರೇಣುಕಾ ಮುಂದೆ ಹೋದಳು. ದಾನೇಶ್ವರಿ ತಾಯಿಯ ಮುಚ್ಚಿದ ಕಣ್ಣನ್ನೂ ಕೈಯಲ್ಲಿದ್ದ ಚೀಲವನ್ನೂ ಮಿಕಿ ಮಿಕಿ ನೋಡಿದಳು.

“ಅವ್ವಾ. ಈಗ ಏನಂದಿ?”

“ಏನಂದೆ?”

“ಆರಾಮ ಅಂದಿ.”

“ಅಂದೆನೇನು?”

“ದಿನಾ ಅಂತೀ. ಬಿಲ್ಲೆಗೂ ಅದನ್ನ ಅಂತೀ.”

ಮಹಾನಂದಾ ತೆರೆದ ಒಂದು ಕಣ್ಣಿನಲ್ಲಿ ಮಗಳನ್ನು ನೋಡಿದಳು. ಅವರ ಕಡೆ ಹೇಗಿದ್ದೀರಿ ಎಂಬ ಮಾತಿಗೆ ಇರುವುದು ಅದೊಂದೇ ಉತ್ತರ. ಮುರಿದ ಕಾಲು ನೇತುಹಾಕಿಕೊಂಡು ಮಲಗಿದವನೂ ಅದನ್ನೇ ಹೇಳುತ್ತಾನೆ. ‘ಆರಾಮಿಲ್ಲ’ ಎಂಬುದನ್ನು ಬೇರೆಯವರು ಹೇಳಬೇಕು, ಪಕ್ಕದಲ್ಲಿ ನಿಂತು, ದನಿ ತಗ್ಗಿಸಿ. ತನ್ನ ಬಾಯಿಂದ ತಾನೇ ಹೇಳಿದರೆ ಕೇಳಿದವರ ತಲೆಯ ಮೇಲೆ ಭಾರ ಹೊರಿಸಿದ ಹಾಗೆ. ಬಿಲ್ಲೆಗೆ ಆ ನಯ ಗೊತ್ತಿಲ್ಲ. ಅದು ಮಾತಿಗಿಂತ ಧ್ವನಿಯನ್ನು ನಂಬುತ್ತದಂತೆ, ಆದರೆ ನೋವಿಲ್ಲ ಎಂಬ ಮಾತೊಂದನ್ನು ಮಾತ್ರ ಬೇಗ ನಂಬಿಕೊಂಡಿತ್ತು.

ಆಗ ಅವಳಿಗೆ ಶಂಕ್ರವ್ವ ನೆನಪಾದಳು. ಅವಳ ಕಿವಿಯ ಹಿಂದೆಯೂ ಇಂಥದೇ ಬಿಲ್ಲೆ ಇತ್ತು.

ಆಲಿಕೆ ಕೋಣೆಯ ಬಾಗಿಲಿನಲ್ಲಿ ತಡೆದವನಿಗೆ ಅವಳು, “ಒಳಗ ಸರೀರಿ” ಎಂದಳು. ಅವನು ಸರಿದ. ಡಾ. ಚಿರಂತನ್ ಕುರ್ಚಿಯಿಂದ ಎದ್ದರು.

“ಮೇಡಂ, ಇಲ್ಲಿಗೆ ಪೇಷೆಂಟ್ಸ್ ಹೀಗೆ ಬರೋ ಹಾಗಿಲ್ಲ...”

“ನಿಮ್ಮ ಮಷೀನು ನನ್ನ ಸಹಜ ದನಿ ಯಾವುದು ಅಂತ ಕಲಿತೈತಿ? ಕೇಳಸ್ರಿ.”

ಅವಳ ಮುಖ ನೋಡಿ ಅವರು ಮಾತು ಬೆಳೆಸಲಿಲ್ಲ. ಏನೋ ಒತ್ತಿದರು. ತಣ್ಣಗಿನ ಆ ಕೋಣೆಯಲ್ಲಿ ಒಂದು ದನಿ ತೇಲಿತು. ಸೊಪ್ಪು ಸೋಸುವ ಸಣ್ಣ ಸಪ್ಪಳ, ನಡುವೆ ಕ್ಷೀಣವಾಗಿ, ಮುಗಿದುಹೋಗುತ್ತಿರುವ ಉಸಿರಿನಲ್ಲಿ: ‘ಆರಾಮ ಅದೀನ್ರಿ. ನೀವು ಹೆಂಗದೀರಿ?’

“ಯಾರದು?” ಎಂದಳು ಮಹಾನಂದಾ.

“ನಿಮ್ಮದೇ ಮೇಡಂ.”

“ಅಲ್ಲ. ಅದು ಸಾಯಾಕ ಹತ್ತಿದಾಕಿ ದನಿ. ಎದ್ದು ನಿಂದ್ರಾಕ ಬರಲಾರದಾಕಿ ದನಿ. ಅದನ್ನ ನಂದು ಅಂತ ಬರಕೊಂಡೀರಿ. ನಾ ಜೀವ ಹಿಡದು ನನ್ನ ದನಿಯಾಗ ಮಾತಾಡಿದ್ರ ರೋಗ ಅಂತೀರಿ. ಇವತ್ತಿಗೂ ಔಷಧ ಇಳಸ್ಕೊಂತ ಕೂತೀರಿ. ತಮ್ಮಾ, ನಿನ್ನ ತಾಯಿ ಸಿಟ್ಟಾದ್ರ ಔಷಧ ಕಡಿಮಿ ಮಾಡ್ತಿಯೇನು?”

ಕಿವಿಯ ಹಿಂದೆ ಬಿಲ್ಲೆ ಹೇಳಿತು: ‘ನಿಮ್ಮ ಔಷಧದ...’ ಡಾ. ಚಿರಂತನ್ ತಟ್ಟನೆ ಕೈಚಾಚಿ ಅದನ್ನು ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು.

“ಪರದೆ ಬಿಡ್ರಿ. ನನ್ನ ಕಣ್ಣಾಗ ಕಣ್ಣಿಟ್ಟು ನೋಡ್ರಿ” ಎಂದಳು ಅವಳು. ಅವಳು ಹೇಳಿದ್ದು, ಸುಳ್ಳು ಹೇಳುವವರಿಗೆ ಯಾರಾದರೂ ಹೇಳುವ ಮಾತು. ಡಾಕ್ಟರಿಗೆ ಅದು ಬೇರೆಯಾಗಿ ಕೇಳಿತು. ತಲೆಯೊಳಗಿನ ಒತ್ತಡ ಕಣ್ಣಿನ ಹಿಂದಿನ ನರದಲ್ಲೂ ಕಾಣುತ್ತದೆಂಬುದು ನೆನಪಾಯಿತು. ಆಮೇಲೆ ಮೇಜಿನ ಕೆಳಗಿನ ಖಾನೆ ಎಳೆದು, ತಂತಿಗಳ ಅಡಿಯಿಂದ ಸಣ್ಣ ದೀಪವಿರುವ ಉಪಕರಣವೊಂದನ್ನು ಹೊರತೆಗೆದರು. ಕಣ್ಣಿನ ಪಾಪೆಯ ಮೂಲಕ ಹಿಂದಿನ ನರದವರೆಗೆ ನೋಡುವ ಹಳೆಯ ಸಾಧನ. ಕಲಿಯುವಾಗ ಕೊಂಡದ್ದು, ಈ ಮಹಡಿಗೆ ಬಂದ ಮೇಲೆ ಅದರ ಕೆಲಸ ಬಿದ್ದಿರಲಿಲ್ಲ.

ದೀಪ ಆರಿಸಿದರು. ಬೆಳಕಿನ ಒಂದು ಬಿಂದು ಅವಳ ಕಣ್ಣಿನೊಳಗೆ ಇಳಿಯಿತು. ಡಾಕ್ಟರ ಮುಖ ಅವಳ ಮುಖಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು. ಅವರು ಕುಡಿದ ಕಾಫಿಯ ವಾಸನೆ ಬರುತ್ತಿತ್ತು. ಉಸಿರು ಬಂದು ಹೋಗುತ್ತಿದ್ದುದು ಅವಳಿಗೆ ಕೇಳುತ್ತಿತ್ತು. ಬಂದು, ಹೋಗಿ, ಬಂದು, ನಿಂತಿತು.

ಇನ್ನೊಂದು ಕಣ್ಣು ನೋಡಿದರು. ದೀಪ ಹಾಕಿದರು.

“ನರದ ತುದಿ ಎರಡೂ ಕಣ್ಣಲ್ಲಿ ಬಾತಿದೆ. ಅಂಚೇ ಕಾಣ್ತಿಲ್ಲ. ಒಳಗೆ ಒತ್ತಡ ತುಂಬಾ ಇದೆ. ಹೀಗೇ ಬಿಟ್ಟಿದ್ದರೆ ದೃಷ್ಟಿ... ಜೀವಕ್ಕೂ...” ಅಷ್ಟರಲ್ಲಿ ಔಷಧ ಏರಿಸಲೆಂದು ಅವರ ಬೆರಳು ಪರದೆಯ ಮೇಲೆ ಓಡುತ್ತಿತ್ತು. ಯಂತ್ರ ಬೇಡವೆಂದಿತು, ಎರಡು ಸಲ. ಅವರು ಮೂರನೆಯ ಸಲ ಒತ್ತಿದರು. ಅವಳ ಕೊರಳೆಲುಬಿನ ಕೆಳಗೆ ಟಿಕ್, ಟಿಕ್ ಎಂದು ಬಹಳ ಹೊತ್ತು ಸಪ್ಪಳವಾಯಿತು. “ಈಗಲೇ ಅಡ್ಮಿಟ್ ಮಾಡ್ಕೋತೀವಿ. ಇವತ್ತೇ ಸ್ಕ್ಯಾನ್. ಸಾರಿ ಮೇಡಂ.”

“ಸಾರಿ ಆಮ್ಯಾಲೆ ಹೇಳ್ರಂತ. ಲಕ್ಕುಂಡಿ ಮ್ಯಾಲಿನ ಆ ಹಸಿರು ಚುಕ್ಕಿ ಶಂಕ್ರವ್ವಂದಲ್ಲ?”

“ಅವರ ಸ್ಥಿತಿ ಬಹಳ ಚೆನ್ನಾಗಿದೆ. ದಿನಾ ಶಾಂತವಾಗಿ...” ಹೇಳುತ್ತಿದ್ದ ಮಾತು ಅವರ ಬಾಯಲ್ಲೇ ನಿಂತಿತು.

“ಫೋನು ಹಚ್ಚ್ರಿ.”

ಕೋಣೆಯ ತುಂಬ ಶಂಕ್ರವ್ವನ ದನಿ ಬಂತು. “ಯಾರು, ಮಾನಂದಾ ಏನವಾ? ಹೆಂಗದೀ?”

ಮಹಾನಂದಾ ನಾಲಗೆ ಕಚ್ಚಿಕೊಂಡಳು. ಆ ಪದ ಹಲ್ಲಿನವರೆಗೆ ಬಂದಿತ್ತು. “ಶಂಕ್ರಕ್ಕಾ, ಇವತ್ತ ರೊಟ್ಟಿ ಯಾರು ಬಡದ್ರು?”

ಆ ಕಡೆಯ ದನಿ ಸಣ್ಣಗಾಯಿತು:

“ಸೊಸಿ ಬಡದ್ಲು. ನನ್ನ ಕೈಯಾಗ ಹಿಟ್ಟು ನಿಂದರವಲ್ದವಾ. ನಿನ್ನೆ ಹಂಚಿನ ಮ್ಯಾಲೆ ಅಂಗೈನ ಇಟ್ಟೆ ನೋಡು, ಬಿಸಿ ಅಂತ ಗೊತ್ತ ಆಗಲಿಲ್ಲ. ಸೊಸಿ ಚೀರಿದ ಮ್ಯಾಲೆ ತೆಗದೆ. ನೀರು ಕುಡಿಯೂದಕ್ಕ ಏನಂತಾರ ಅದಕ್ಕ, ಅದು... ಬಾಯಾಗ ಐತಿ, ಬರವಲ್ದು. ಹುಡುಗರು ನಗತಾವು. ಹೋಗ್ಲಿ ಬಿಡು, ವಯಸ್ಸಾತು.” ಒಂದು ನಗು. “ಅದ ಬಿಟ್ರ ಆರಾಮ ಅದೀನಿ.”

ನಕ್ಷೆಯ ಮೇಲೆ ಲಕ್ಕುಂಡಿಯ ಚುಕ್ಕೆ ಹಸಿರಾಗಿಯೇ ಇತ್ತು. ಅವರಿಬ್ಬರೂ ನೋಡುತ್ತಿದ್ದಂತೆ, ಆ ಕೊನೆಯ ಮಾತಿಗೆ, ಅದು ಇನ್ನೂ ಸ್ವಲ್ಪ ಗಾಢ ಹಸಿರಾಯಿತು.

ಡಾ. ಚಿರಂತನ್ ಆಂಬುಲೆನ್ಸಿಗೆ ಹೇಳಿದರು.

“ಉಳಿದ ಚುಕ್ಕಿಗಳು?” ಎಂದಳು ಮಹಾನಂದಾ. ತಲೆ ಒಡೆಯುತ್ತಿತ್ತು, ದಾನೇಶ್ವರಿ ಅವಳ ಸೊಂಟ ಬಳಸಿ ಹಿಡಿದಿದ್ದಳು, ಆದರೂ ಅವಳು ಕೂಡಲಿಲ್ಲ.

“ಮೇಡಂ, ನಿಯಮ ಬದಲಿಸೋ ಅಧಿಕಾರ ನನಗಿಲ್ಲ. ಮೇಲಿನವರಿಗೆ ಬರೀಬೇಕು...”

“ಬರೀರಿ, ಬ್ಯಾಡ ಅಂದೋರು ಯಾರು? ಫೋನು ಹಚ್ಚಾಕ ಅಧಿಕಾರ ಬೇಕೇನು?”

ಅವರು ಕುರ್ಚಿ ಎಳೆದುಕೊಂಡು ಕೂತರು. ಮೊದಲ ಹಸಿರು ಚುಕ್ಕೆ ನರಗುಂದದ ಕಡೆಯದು. “ಅಮ್ಮಾ ನಮಸ್ಕಾರ. ಇವತ್ತು ನಿಮ್ಮ ಮನೇಲಿ ರೊಟ್ಟಿ ಯಾರು ಮಾಡಿದರು?”

‘ಯಾರ್ರಿ ನೀವು? ಎಲ್ಲಾ ಆರಾಮ ಐತ್ರಿ’ ಎಂದಿತು ಆ ಕಡೆಯ ದನಿ.

“ಬಡದ್ರು ಅನ್ರಿ” ಎಂದಳು ಮಹಾನಂದಾ, ಹಲ್ಲು ಕಡಿಯುತ್ತ. “ಮಾಡಿದ್ರು ಅಂದ್ರ ಪರ ಊರಿನವ ಅಂತ ಗೊತ್ತಾಗತೈತಿ. ಪರ ಊರಿನವರ ಮುಂದ ಯಾರಿಗೆ ಆರಾಮಿರಂಗಿಲ್ಲ?”

ಡಾಕ್ಟರು ಗಂಟಲು ಸರಿಮಾಡಿಕೊಂಡು ಮತ್ತೆ ಕೇಳಿದರು. ಈ ಸಲ ಆ ಕಡೆಯಿಂದ ಉತ್ತರ ಉದ್ದವಾಗಿ ಬಂತು. ಅವರು ಕೇಳುತ್ತ ಹೋದರು. ಅವಳನ್ನು ಗಾಲಿ ಕುರ್ಚಿಯಲ್ಲಿ ಕೂಡಿಸಿ ಕರೆದೊಯ್ಯುವಾಗ ಗೋಡೆಯ ಮೇಲೆ ಒಂದೆರಡು ಚುಕ್ಕೆಗಳನ್ನು ಅವರು ತಮ್ಮ ಕೈಯಾರೆ ಕೆಂಪು ಮಾಡಿದ್ದರು.

ಸ್ಕ್ಯಾನಿನಲ್ಲಿ ಹಳೆಯ ಗಡ್ಡೆಗಳು ಸುಟ್ಟು ಕುಗ್ಗಿದ್ದವು; ಸುತ್ತಲಿನ ಬಾವೇ ಅವಳನ್ನು ಕೊಲ್ಲುತ್ತಿತ್ತು. ಕಾಯಿಲೆ ಹೋಗಿದೆ ಎಂದು ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ದಿನ ಕಳೆದಂತೆ ಎರಡಾಗಿದ್ದ ರಸ್ತೆ, ಎರಡಾಗಿದ್ದ ಮಗಳ ಮುಖ ಒಂದಾಗಿ ಬಂದವು. ಶಂಕ್ರವ್ವ ಪಕ್ಕದ ವಾರ್ಡಿನಲ್ಲಿ ಸುಟ್ಟ ಅಂಗೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ನೀರು ಕುಡಿಯುವ ಚೊಂಬಿಗೆ ‘ಚರಿಗಿ’ ಎಂಬ ಪದ ಸಿಕ್ಕಿತು ಎಂದು ನರ್ಸಿನ ಕೈಯಲ್ಲಿ ಹೇಳಿ ಕಳಿಸಿದ್ದಳು.

ಮುರಿಗೇಶ ಬುತ್ತಿ ತಂದ. ಸುತ್ತಿದ್ದ ಬಟ್ಟೆ ಬಿಚ್ಚಿ, ಎದುರಿಗಿಟ್ಟು, ಎಲ್ಲಿಯೋ ನೋಡುತ್ತ ನಿಂತ. ಒಂದು ರೊಟ್ಟಿ ಮೂಲೆ ಹೊರಳಿತ್ತು, ಒಂದರ ನಡುವೆ ತೂತು. ಅವನ ಬೆರಳ ತುದಿಗಳು ಕೆಂಪಗೆ ಉಬ್ಬಿದ್ದವು.

“ದಾನೀನ ಕಾಲೇಜಿಗೆ ಬಿಟ್ಟು ಬಂದೆ” ಎಂದ.

ಅವಳು ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು. “ಸೀದೈತಿ.”

“ಇನ್ನೂ ಸಿಟ್ಟು ಇಳದಿಲ್ಲೇನು?”

ಬಿಲ್ಲೆಗೆ ಹಳೆಯ ಪಾಠವನ್ನೆಲ್ಲ ಅಳಿಸಿ ಹಾಕಿದ್ದರು. ಅದು ಆ ದಿನದಿಂದ ಅವಳ ಧ್ವನಿಯನ್ನು ಹೊಸದಾಗಿ ಕಲಿಯಬೇಕಿತ್ತು. ಸರಿಯಾಗಿ ಆ ಹೊತ್ತಿಗೆ, ಏನೂ ಆಗಿಯೇ ಇಲ್ಲವೆಂಬಂತೆ, ಅದೇ ಶುದ್ಧ ಮಾತಿನಲ್ಲಿ ಅದು ಕೇಳಿತು: ‘ಇಂದು ಹೇಗಿದ್ದೀರಿ?’

ಮಹಾನಂದಾ ರೊಟ್ಟಿಯ ತುತ್ತನ್ನು ಪೂರ್ತಿ ಅಗಿದು ನುಂಗಿದಳು. ಬೆನ್ನು ನೆಟ್ಟಗೆ ಮಾಡಿ ಕೂತಳು. ಗದಗಿನ ಸ್ಟ್ಯಾಂಡಿನಲ್ಲಿ ಹಬ್ಬದ ಗದ್ದಲದ ದಿನ ತೆಗೆಯುತ್ತಿದ್ದ ದನಿಯನ್ನು ಹೊಟ್ಟೆಯ ಆಳದಿಂದ ತೆಗೆದಳು. ಇಡೀ ವಾರ್ಡು ತಿರುಗಿ ನೋಡಿತು.

“ಸಿಟ್ಟಿನ್ಯಾಗ ಅದೀನಿ. ಇದು ನನ್ನ ದನಿ. ಬರಕೋ.”